ಯಂತ್ರ ಒಂದು, ಪಾಳಿ ಹಲವು

ಕಾಯುವವರು ಹಲವರು, ಕೊಡುವ ಕೈ ಒಂದೇ ಎಂಬ ಪರಿಸ್ಥಿತಿ ಮಹಾನಗರವಾಸಿಗಳಾದ ನಮಗೆ ಹೊಸತೇನಲ್ಲ. ನಲ್ಲಿಯ ಮುಂದೆ, ಪಡಿತರದಂಗಡಿಯ ಮುಂದೆ ಸಾಲು ನಿಂತೇ ನಮ್ಮ ಬಾಳು ಸಾಗಿದೆ. ಗಣಕಯಂತ್ರದ ಒಡಲಿನಲ್ಲೂ ಇಂಥದೇ ಒಂದು ಸಾಲಿದೆ. ಅದನ್ನು ನ್ಯಾಯವಾಗಿ ನಡೆಸುವುದು ಹೇಗೆಂದು ವಿದ್ವಾಂಸರು ಅರುವತ್ತು ವರ್ಷಕ್ಕೂ ಮಿಕ್ಕಿ ತಲೆ ಕೆಡಿಸಿಕೊಂಡಿದ್ದಾರೆ.

1950ರ ದಶಕದಲ್ಲಿ ಗಣಕಯಂತ್ರ ಬಲು ದುಬಾರಿಯ ವಸ್ತು. ವಿಜ್ಞಾನಿಯು ತನ್ನ ಲೆಕ್ಕವನ್ನು ರಂಧ್ರ ಹೊಡೆದ ಕಾರ್ಡುಗಳ ಕಟ್ಟಿನಲ್ಲಿ ಒಪ್ಪಿಸಿ ಹೋಗಬೇಕಿತ್ತು. ಒಂದರ ಹಿಂದೊಂದರಂತೆ ಕಟ್ಟುಗಳು ಮುಗಿದು, ಉತ್ತರ ಕೈಸೇರುವಾಗ ಎಷ್ಟೋ ಹೊತ್ತು ಕಳೆದಿರುತ್ತಿತ್ತು. ಒಂದು ಅಲ್ಪವಿರಾಮ ತಪ್ಪಿದ್ದರೂ ಮತ್ತೆ ಮೊದಲಿನಿಂದ ಕಾಯಬೇಕು. ಯಂತ್ರದ ವೇಳೆ ಉಳಿಯುತ್ತಿತ್ತು, ಮನುಷ್ಯನ ವೇಳೆ ಪೋಲಾಗುತ್ತಿತ್ತು.

1959ರ ಜನವರಿಯಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಜಾನ್ ಮೆಕಾರ್ಥಿ ಒಂದು ಟಿಪ್ಪಣಿ ಬರೆದು, ಯಂತ್ರದ ವೇಳೆಯನ್ನು ತುಣುಕುಗಳಾಗಿ ಹಲವರಿಗೆ ಹಂಚಬಹುದೆಂದು ಸೂಚಿಸಿದರು. ಅದೇ ವರ್ಷ ಪ್ಯಾರಿಸ್ಸಿನ ಯುನೆಸ್ಕೋ ಸಮ್ಮೇಳನದಲ್ಲಿ ಇಂಗ್ಲೆಂಡಿನ ಕ್ರಿಸ್ಟೋಫರ್ ಸ್ಟ್ರೇಚಿ ಕಾಲ ಹಂಚಿಕೆಯ ಬಗ್ಗೆ ಪ್ರಬಂಧ ಓದಿದರು. ವಿಚಾರವನ್ನು ಕಾರ್ಯರೂಪಕ್ಕೆ ತಂದವರಲ್ಲಿ ಪ್ರಮುಖರು ಎಂ.ಐ.ಟಿ.ಯ ಫರ್ನಾಂಡೊ ಕಾರ್ಬಾಟೊ. 1961ರ ನವೆಂಬರಿನಲ್ಲಿ ಅವರ ತಂಡ ಒಂದು ಐ.ಬಿ.ಎಂ. 709 ಯಂತ್ರಕ್ಕೆ ನಾಲ್ಕು ಬೆರಳಚ್ಚು ಪೀಠಗಳನ್ನು ಜೋಡಿಸಿ ತೋರಿಸಿತು. 'ಸಿ.ಟಿ.ಎಸ್.ಎಸ್.' ಎಂಬ ಈ ವ್ಯವಸ್ಥೆ ಮುಂದೆ 7094 ಯಂತ್ರದಲ್ಲಿ 1973ರವರೆಗೆ ದುಡಿಯಿತು.

ಇದರ ಗುಟ್ಟು ಗಡಿಯಾರದಲ್ಲಿದೆ. ಗೊತ್ತಾದ ತುಣುಕು ಕಾಲ ಮುಗಿದೊಡನೆ ಗಡಿಯಾರ ಪ್ರೊಸೆಸರನ್ನು ತಡೆಯುತ್ತದೆ. ಮೇಲ್ವಿಚಾರಕ ಕ್ರಮವಿಧಿ ನಡೆಯುತ್ತಿದ್ದ ಕೆಲಸವನ್ನು ಬದಿಗಿರಿಸಿ ಮುಂದಿನದನ್ನು ಕರೆಯುತ್ತದೆ. ಆದರೆ ಅಂದಿನ ಯಂತ್ರದ ಸ್ಮರಣೆಯಲ್ಲಿ ಒಂದು ಸಲಕ್ಕೆ ಒಬ್ಬನ ಕೆಲಸಕ್ಕೆ ಮಾತ್ರ ಜಾಗ. ಪ್ರತಿ ಬದಲಾವಣೆಗೂ ಒಂದನ್ನು ಹೊರಗೆ ಸಾಗಿಸಿ ಇನ್ನೊಂದನ್ನು ಒಳಗೆ ತರಬೇಕು. ಕಾರ್ಬಾಟೊ ಕಂಡ ಉಪಾಯ ಸರಳ: ಮೊದಲ ಪಾಳಿಯಲ್ಲಿ ಒಂದು ತುಣುಕು, ಮುಗಿಯದಿದ್ದರೆ ಕೆಳಗಿನ ಸಾಲಿಗೆ ಇಳಿಸಿ ಎರಡು, ಬಳಿಕ ನಾಲ್ಕು, ಎಂಟು. ನೂರು ತುಣುಕು ಬೇಕಾದ ಕೆಲಸಕ್ಕೆ ನೂರು ಸಲದ ಬದಲು ಏಳು ಸಲ ಸಾಗಾಣಿಕೆ ಸಾಕು. ಸಣ್ಣ ಕೆಲಸದವನು ಬೇಗ ಮನೆಗೆ ಹೋದ. ದೊಡ್ಡ ಕೆಲಸದವನು ತಡವಾಗಿ ಬಂದರೂ ಹೆಚ್ಚು ಹೊತ್ತು ಕುಳಿತ.

ನಿಯಮವಿದ್ದಲ್ಲಿ ನುಸುಳುವವರೂ ಇರುತ್ತಾರೆ. ಕೀಲಿ ಒತ್ತಿದವನು ಉತ್ತರಕ್ಕೆ ಕಾದಿರುವನೆಂದು ಬಗೆದು, ಸಾಲು ಮುಗಿಸುವ ಕೀಲಿ ಒತ್ತಿದೊಡನೆ ಅವನ ಕೆಲಸವನ್ನು ಮೇಲಿನ ಸಾಲಿಗೆ ಏರಿಸುವ ಪದ್ಧತಿ ಇತ್ತಂತೆ. ಒಬ್ಬ ಚತುರ ಸುಮ್ಮಸುಮ್ಮನೆ ಆ ಕೀಲಿ ಒತ್ತುತ್ತ ತನ್ನ ದೊಡ್ಡ ಲೆಕ್ಕವನ್ನು ಮುಂದಕ್ಕೆ ದೂಡಿಸಿಕೊಂಡ, ಗೆಳೆಯರಿಗೂ ಹೇಳಿಕೊಟ್ಟ ಎಂಬ ಕಥೆ ಪಠ್ಯಪುಸ್ತಕಗಳಲ್ಲಿದೆ. ಎಲ್ಲ ಕಡತಕ್ಕೂ 'ತುರ್ತು' ಚೀಟಿ ಅಂಟಿಸಿದರೆ ಯಾವುದೂ ತುರ್ತಲ್ಲವೆಂಬುದನ್ನು ಸರಕಾರಿ ನೌಕರರಾದ ನಮಗೆ ಬೇರೆ ಹೇಳಬೇಕಿಲ್ಲ.

ಇನ್ನೊಂದು ಕಥೆ ಮನ ಕಲಕುವಂಥದು. 1973ರಲ್ಲಿ ಎಂ.ಐ.ಟಿ.ಯ 7094 ಯಂತ್ರವನ್ನು ನಿಲ್ಲಿಸಿದಾಗ, 1967ರಲ್ಲಿ ಒಪ್ಪಿಸಿದ ಒಂದು ಕೆಳದರ್ಜೆಯ ಕೆಲಸ ಇನ್ನೂ ಪಾಳಿಗಾಗಿ ಕಾದಿತ್ತೆಂದು ಹೇಳುತ್ತಾರೆ. ನಿಜವೋ ದಂತಕಥೆಯೋ, ರೋಗ ಮಾತ್ರ ನಿಜ. ಅದಕ್ಕೆ 'ಉಪವಾಸ' ಎಂದೇ ಹೆಸರು. ಯಾರೂ ಬೇಡವೆನ್ನಲಿಲ್ಲ, ಆದರೆ ಪ್ರತಿ ಸಲವೂ ತನಗಿಂತ ಮುಖ್ಯವಾದದ್ದೊಂದು ಬಂದು ಮುಂದೆ ನಿಂತಿತು. ಕಾದಷ್ಟೂ ಕೆಲಸದ ದರ್ಜೆಯನ್ನು ತುಸು ತುಸು ಏರಿಸುತ್ತ ಹೋಗುವುದೇ ಇದಕ್ಕೆ ಮದ್ದು.

2007ರಲ್ಲಿ ಇಂಗೊ ಮೊಲ್ನಾರ್ ಲಿನಕ್ಸ್ ವ್ಯವಸ್ಥೆಗೆ ತಂದ ಪದ್ಧತಿ ಇನ್ನೂ ನೇರವಾದುದು: ಯಾರಿಗೆ ಎಷ್ಟು ಕಾಲ ದೊರೆಯಿತೆಂದು ಲೆಕ್ಕವಿಟ್ಟು, ಅತಿ ಕಡಿಮೆ ಪಡೆದವನನ್ನು ಮೊದಲು ಕರೆಯುವುದು. 2023ರಲ್ಲಿ ಅದರ ಜಾಗಕ್ಕೆ ಹೊಸ ಪದ್ಧತಿ ಬಂದಿತು. ಊರಿನವರೊಡನೆ ಮಾತಾಡಲು ನಾವು ಹಿಡಿಯುವ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದೂ ಲಿನಕ್ಸೇ.

ಸಾಲನ್ನು ವೇಗವಾಗಿ ಸಾಗಿಸುವುದು ಜಾಣ್ಮೆಯಾದರೆ, ಕೊನೆಯಲ್ಲಿ ನಿಂತವನನ್ನು ಮರೆಯದಿರುವುದು ನ್ಯಾಯ. ಇವೆರಡೂ ತಾವಾಗಿ ಒದಗುವುದಿಲ್ಲ. ಯಾರಾದರೂ ಕುಳಿತು ಲೆಕ್ಕ ಹಾಕಿ ನಿಯಮದಲ್ಲಿ ಸೇರಿಸಬೇಕು. ಯಂತ್ರಕ್ಕೆ ನಾವು ಕಲಿಸಿದ ಈ ಪಾಠ ನಮ್ಮ ಸಾಲುಗಳಿಗೂ ಸಲ್ಲತಕ್ಕದ್ದು.