ಗೀಸರಿನೊಳಗಿನ ಸುಣ್ಣದ ಪದರ: ಕೊಚ್ಚಿ ಮತ್ತು ತಿರುವನಂತಪುರದ ನೀರಿಗೆ ತಕ್ಕ ಉಪಾಯಗಳು

ನೀರು ಕಾಯಿಸುವ ಪಾತ್ರೆಯ ಒಳಮೈಗೆ ಕಾಲಕ್ರಮದಲ್ಲಿ ಅಂಟಿಕೊಳ್ಳುವ ಬಿಳಿಯ ಗಟ್ಟಿ ಪದರವನ್ನು ನಮ್ಮ ಹಿರಿಯರು ಬಚ್ಚಲುಮನೆಯ ತಾಮ್ರದ ಹಂಡೆಯಲ್ಲಿಯೇ ಕಂಡಿದ್ದರು. ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿ ಅದನ್ನು ತೆಗೆಯುತ್ತಿದ್ದರು. ಹಂಡೆಯ ಸ್ಥಾನಕ್ಕೆ ವಿದ್ಯುತ್ ಗೀಸರ್ ಬಂದ ಮೇಲೆ ಪದರವು ಕಣ್ಣಿಗೆ ಮರೆಯಾಯಿತೇ ಹೊರತು ಇಲ್ಲವಾಗಲಿಲ್ಲ. ಗೋಡೆಯ ಮೇಲಿನ ಮುಚ್ಚಿದ ತೊಟ್ಟಿಯೊಳಗೆ ಅದು ಸದ್ದಿಲ್ಲದೆ ಬೆಳೆಯುತ್ತದೆ. ಕಾಯಿಲ್ ಸುಟ್ಟಾಗಲೋ ನೀರು ಸೋರಿದಾಗಲೋ ಮಾತ್ರ ನಮ್ಮ ಗಮನಕ್ಕೆ ಬರುತ್ತದೆ.

ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಹಲವು, ಬೆಂಗಳೂರು, ಕೋಲಾರ, ತುಮಕೂರು ಕಡೆಯ ಕೊಳವೆಬಾವಿ ನೀರಿನ ಅನುಭವವನ್ನು ಜೊತೆಯಲ್ಲಿಯೇ ತಂದಿರುತ್ತವೆ. ಅಲ್ಲಿ ರೂಢಿಯಾದ ವಾರ್ಷಿಕ ಶುಚಿಗೊಳಿಸುವಿಕೆ, ನೀರು ಮೆದುಗೊಳಿಸುವ ಯಂತ್ರ ಮುಂತಾದವನ್ನು ಇಲ್ಲಿಯೂ ಹಾಗೆಯೇ ಅನುಸರಿಸುವುದುಂಟು. ಆದರೆ ಕೇರಳದ ನೀರಿನ ಸ್ವಭಾವವೇ ಬೇರೆ. ಕೆಲವು ಬಡಾವಣೆಗಳಲ್ಲಿ ಸುಣ್ಣದ ಪದರ ನಿಜವಾದ ತೊಂದರೆ. ಇನ್ನು ಕೆಲವೆಡೆ ಅದರ ಭಯವೇ ಅನಗತ್ಯ, ಅಲ್ಲಿ ಗೀಸರಿನ ಶತ್ರು ತುಕ್ಕು. ಆದುದರಿಂದ ಉಪಾಯಕ್ಕಿಂತ ಮೊದಲು ನೀರನ್ನು ಅರಿಯುವುದು ಅವಶ್ಯ.

ಪದರ ಉಂಟಾಗುವ ಬಗೆ

ಮಳೆಯ ನೀರು ಮಣ್ಣಿನಲ್ಲಿ ಇಳಿಯುವಾಗ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ. ಅಂತಹ ನೀರು ಸುಣ್ಣದ ಅಂಶವಿರುವ ನೆಲವನ್ನು ಹಾದುಹೋದಾಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೈಕಾರ್ಬೊನೇಟುಗಳು ಅದರಲ್ಲಿ ಕರಗಿ ಸೇರುತ್ತವೆ. ಇದನ್ನೇ ತಾತ್ಕಾಲಿಕ ಗಡಸುತನ ಎನ್ನುತ್ತಾರೆ. ನೀರನ್ನು ಕಾಯಿಸಿದಾಗ ಅನಿಲವು ಹೊರಟುಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಘನರೂಪಕ್ಕೆ ಮರಳುತ್ತದೆ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ; ಕ್ಯಾಲ್ಸಿಯಂ ಕಾರ್ಬೊನೇಟಿನ ನಡತೆ ಇದಕ್ಕೆ ವಿರುದ್ಧ, ನೀರು ಬಿಸಿಯಾದಷ್ಟೂ ಅದು ಕರಗುವುದು ಕಡಿಮೆ. ಆದುದರಿಂದಲೇ ಗೀಸರಿನಲ್ಲಿ ಅತ್ಯಂತ ಬಿಸಿಯಾದ ಭಾಗವಾದ ಕಾಯಿಲಿನ ಮೇಲೆ ಮೊದಲು ಪದರ ಕಟ್ಟುತ್ತದೆ.

ಕ್ಲೋರೈಡ್ ಮತ್ತು ಸಲ್ಫೇಟ್ ರೂಪದಲ್ಲಿರುವ ಗಡಸುತನ ಶಾಶ್ವತವಾದುದು. ಅದು ಕುದಿಸಿದರೆ ಹೋಗುವುದಿಲ್ಲ. ಸಮುದ್ರದ ಉಪ್ಪು ಬೆರೆತ ನೀರಿನಲ್ಲಿ ಈ ಬಗೆಯೇ ಹೆಚ್ಚು.

ಇಲ್ಲಿನ ಮೂರು ಬಗೆಯ ನೀರು

ಮೊದಲನೆಯದು ನದಿಯ ನೀರು. ಕೊಚ್ಚಿಗೆ ಮುಖ್ಯವಾಗಿ ಆಲುವಾದಲ್ಲಿ ಶುದ್ಧೀಕರಿಸಿದ ಪೆರಿಯಾರ್ ನೀರು ಬರುತ್ತದೆ. ಮೂವಾಟ್ಟುಪುಳ ನದಿಯ ನೀರು ಕೆಲವು ಭಾಗಗಳಿಗೆ ಸಲ್ಲುತ್ತದೆ. ತಿರುವನಂತಪುರಕ್ಕೆ ಕರಮನ ನದಿಯೇ ಆಧಾರ. ಅರುವಿಕ್ಕರ ಮತ್ತು ಪೇಪ್ಪಾರ ಅಣೆಕಟ್ಟುಗಳಿಂದ ನೀರು ಒದಗುತ್ತದೆ. ಪಶ್ಚಿಮ ಘಟ್ಟದಲ್ಲಿ ಹುಟ್ಟಿ, ಸುಣ್ಣಕಲ್ಲು ವಿರಳವಾಗಿರುವ ನೆಲದಲ್ಲಿ ಸ್ವಲ್ಪವೇ ದೂರ ಹರಿದು ಸಮುದ್ರ ಸೇರುವ ಈ ನದಿಗಳ ನೀರು ಸ್ವಭಾವತಃ ಮೆದು. ಈ ನೀರನ್ನಷ್ಟೇ ಬಳಸುವ ಮನೆಗಳಲ್ಲಿ ಪದರದ ಸಮಸ್ಯೆ ಅತ್ಯಲ್ಪ.

ಎರಡನೆಯದು ತೆರೆದ ಬಾವಿಯ ನೀರು. ಕೇರಳದ ಮಧ್ಯನಾಡಿನ ಬಹುಭಾಗ ಕೆಂಪು ಮುರಕಲ್ಲಿನ ನೆಲ. ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಫ್ರಾನ್ಸಿಸ್ ಬುಕಾನನ್ ತನ್ನ 1807ರ ಗ್ರಂಥದಲ್ಲಿ ಕೊಟ್ಟದ್ದು ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಕಲ್ಲನ್ನು ಆಧರಿಸಿಯೇ. ಯುಗಯುಗಗಳ ಮಳೆಯಿಂದ ಸುಣ್ಣದ ಅಂಶ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಉಳಿದ ಕಲ್ಲು ಇದು. ಇಂತಹ ನೆಲದ ಬಾವಿನೀರು ಮೆದುವಾಗಿರುವುದರ ಜೊತೆಗೆ ಆಮ್ಲೀಯವೂ ಆಗಿರುತ್ತದೆ. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ನಡುವೆ ಇರಬೇಕೆಂಬ ಭಾರತೀಯ ಮಾನಕಕ್ಕಿಂತ ಕೆಳಗಿರುವುದು ಸಾಮಾನ್ಯ. ಇದು ಪದರ ಕಟ್ಟುವ ನೀರಲ್ಲ, ಲೋಹವನ್ನು ತಿನ್ನುವ ನೀರು.

ಮೂರನೆಯದು ಕರಾವಳಿಯ ಮತ್ತು ಹಿನ್ನೀರಿನ ಅಂಚಿನ ಬಾವಿ, ಕೊಳವೆಬಾವಿಗಳ ನೀರು. ಪಶ್ಚಿಮ ಕೊಚ್ಚಿ, ವೈಪಿನ್, ಕುಂಬಳಂಗಿಯಂತಹ ಕಡೆಗಳಲ್ಲಿ ಉಪ್ಪುನೀರು ನೆಲದೊಳಗೆ ನುಗ್ಗುತ್ತದೆ. ಕರಾವಳಿಯ ಮರಳಿನಲ್ಲಿ ಚಿಪ್ಪಿನ ಚೂರುಗಳೂ ಉಂಟು. ವೇಂಬನಾಡು ಸರೋವರದ ತಳದಿಂದ ತೆಗೆದ ಚಿಪ್ಪಿನಿಂದಲೇ ಕೋಟ್ಟಯಂ ಬಳಿಯ ಟ್ರಾವಂಕೂರ್ ಸಿಮೆಂಟ್ಸ್ ಕಾರ್ಖಾನೆ ಬಹುಕಾಲ ಬಿಳಿ ಸಿಮೆಂಟ್ ತಯಾರಿಸಿತು ಎಂಬುದನ್ನು ನೆನೆದರೆ, ಈ ನೆಲದಲ್ಲಿ ಸುಣ್ಣ ಎಲ್ಲಿದೆ ಎಂಬುದು ತಿಳಿಯುತ್ತದೆ. ಬಹುಮಹಡಿ ಕಟ್ಟಡಗಳಲ್ಲಿ ಬೇಸಿಗೆಯಲ್ಲಿ ನಲ್ಲಿ ನೀರಿನೊಡನೆ ಕೊಳವೆಬಾವಿ ನೀರನ್ನೂ ಟ್ಯಾಂಕರ್ ನೀರನ್ನೂ ಬೆರೆಸುವುದುಂಟು. ಹೀಗಾಗಿ ಒಂದೇ ಮನೆಯ ನೀರು ಆಷಾಢದಲ್ಲಿ ಒಂದು ಬಗೆ, ಚೈತ್ರದಲ್ಲಿ ಮತ್ತೊಂದು ಬಗೆ.

ಮನೆಯ ನೀರನ್ನು ಅರಿಯುವುದು

ಒಂದು ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಸ್ನಾನದ ಸೋಪಿನ ಕೆಲವು ಚೂರು ಹಾಕಿ ಅಲುಗಾಡಿಸಿದಾಗ ದಟ್ಟವಾದ ನೊರೆ ಬಂದರೆ ನೀರು ಮೆದು. ನೊರೆ ಬಾರದೆ ಮೊಸರೊಡೆದಂತೆ ಬಿಳಿಯ ಗಸಿ ಕಂಡರೆ ಗಡಸು. ನಲ್ಲಿಯ ಮೇಲೆ ಬಿಳಿಯ ಕಲೆ ಉಳಿದರೆ ಸುಣ್ಣ. ಕಂದು ಕಲೆ ಕಬ್ಬಿಣದ್ದು. ತಾಮ್ರದ ಕೊಳವೆಯಿರುವಲ್ಲಿ ನೀಲಿ ಹಸಿರು ಕಲೆ ಆಮ್ಲೀಯ ನೀರಿನ ಗುರುತು.

ನಿಖರವಾದ ಅಂಕಿ ಬೇಕಾದರೆ ಕೇರಳ ಜಲ ಪ್ರಾಧಿಕಾರದ ಗುಣಮಟ್ಟ ಪ್ರಯೋಗಾಲಯಗಳಲ್ಲಿ ಪರೀಕ್ಷೆ ಮಾಡಿಸಬಹುದು. ಒಟ್ಟು ಗಡಸುತನ, ಪಿಎಚ್ ಮತ್ತು ಕ್ಲೋರೈಡ್ ಈ ಮೂರನ್ನು ತಪ್ಪದೆ ಕೇಳಬೇಕು. ಐಎಸ್ 10500 ಮಾನಕದ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿ.ಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಾಗ 600ರವರೆಗೆ ಅವಕಾಶವಿದೆ. ಮಾದರಿಯನ್ನು ಬೇಸಿಗೆಯ ಕೊನೆಯಲ್ಲಿ ತೆಗೆದರೆ ವರ್ಷದ ಅತಿ ಕೆಟ್ಟ ಸ್ಥಿತಿ ತಿಳಿಯುತ್ತದೆ.

ಇಲ್ಲೊಂದು ಸಣ್ಣ ಲೆಕ್ಕ. ಒಂದು ಕುಟುಂಬ ದಿನಕ್ಕೆ 60 ಲೀಟರ್ ನೀರನ್ನು ಗೀಸರಿನ ಮೂಲಕ ಬಳಸುತ್ತದೆ ಎಂದು ಭಾವಿಸೋಣ. ಗಡಸುತನ ಲೀಟರಿಗೆ 300 ಮಿ.ಗ್ರಾಂ ಇದ್ದರೆ ದಿನಕ್ಕೆ 18 ಗ್ರಾಂ, ವರ್ಷಕ್ಕೆ ಸುಮಾರು ಆರೂವರೆ ಕಿಲೋ ಲವಣ ಗೀಸರನ್ನು ಹಾದುಹೋಗುತ್ತದೆ. ಅದರಲ್ಲಿ ನೂರಕ್ಕೆ ಎರಡು ಪಾಲು ಉಳಿದರೂ 130 ಗ್ರಾಂ ಕಲ್ಲು ಒಳಗೆ ಸೇರಿತು. ಗಡಸುತನ 20 ಮಿ.ಗ್ರಾಂ ಇದ್ದಲ್ಲಿ ಹಾದುಹೋಗುವುದೇ ವರ್ಷಕ್ಕೆ 438 ಗ್ರಾಂ. ಅಂತಹ ನೀರಿನಿಂದ ಪದರ ಕಟ್ಟುವ ಸಂಭವವೇ ಕಡಿಮೆ.

ಆಗುವ ಹಾನಿ

ಪದರದಿಂದ ವಿದ್ಯುತ್ ಬಿಲ್ಲು ಬಹಳ ಏರುತ್ತದೆ ಎಂಬ ಮಾತು ಪ್ರಚಾರದಲ್ಲಿದೆ. ನೀರಿನಲ್ಲಿ ಮುಳುಗಿರುವ ಕಾಯಿಲಿನ ಶಾಖ ತಡವಾಗಿಯಾದರೂ ನೀರಿಗೇ ಸೇರುವುದರಿಂದ ಈ ನಷ್ಟ ದೊಡ್ಡದಲ್ಲ. ನಿಜವಾದ ಹಾನಿ ಬೇರೆ. ಶಾಖ ಸುಲಭವಾಗಿ ಹೊರಬಾರದೆ ಕಾಯಿಲ್ ಅತಿಯಾಗಿ ಕಾದು, ಅದರ ಹೊರಕವಚ ಬಿರಿಯುತ್ತದೆ. ಆಗ ವಿದ್ಯುತ್ತು ನೀರಿಗೆ ತಗಲುವ ಅಪಾಯವಿದೆ. ಥರ್ಮೋಸ್ಟಾಟಿನ ಸುತ್ತ ಪದರ ಕಟ್ಟಿದರೆ ಅದು ನೀರಿನ ಬಿಸಿಯನ್ನು ಸರಿಯಾಗಿ ಅರಿಯಲಾರದು. ಎಲ್ಲಕ್ಕಿಂತ ಗಂಭೀರವಾದುದು, ಒತ್ತಡ ಬಿಡುಗಡೆಯ ಕವಾಟ ಸುಣ್ಣದಿಂದ ಬಿಗಿದುಕೊಳ್ಳುವುದು. ಥರ್ಮೋಸ್ಟಾಟ್ ಮತ್ತು ಕವಾಟ ಎರಡೂ ಕೈಕೊಟ್ಟರೆ ತೊಟ್ಟಿ ಸಿಡಿಯಬಹುದು.

15 ಲೀಟರಿನ, 2 ಕಿಲೋವಾಟಿನ ಗೀಸರ್ 28 ಡಿಗ್ರಿಯ ನೀರನ್ನು 60 ಡಿಗ್ರಿಗೆ ತರಲು ಸುಮಾರು 17 ನಿಮಿಷ ಸಾಕು. ಕೆಲವೇ ನಿಮಿಷಗಳಲ್ಲಿ ದೀಪ ಆರಿ ನೀರು ಮಾತ್ರ ಉಗುರುಬೆಚ್ಚಗಿದ್ದರೆ, ಅಥವಾ ಕಾಯುವಾಗ ಒಳಗಿನಿಂದ ಚಟಪಟ ಸದ್ದು ಕೇಳಿದರೆ ಪರೀಕ್ಷೆ ಮಾಡಿಸಬೇಕು.

ಪದರವನ್ನು ಕಡಿಮೆ ಮಾಡುವ ಕ್ರಮಗಳು

1. ಉಷ್ಣತೆಯನ್ನು 60 ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕು. 75 ಡಿಗ್ರಿಗೆ ಏರಿಸಿದರೆ ಪದರ ಬೇಗ ಕಟ್ಟುತ್ತದೆ. ಬಹಳ ಕೆಳಗಿಟ್ಟು ನೀರನ್ನು ದಿನಗಟ್ಟಲೆ ನಿಲ್ಲಿಸಿದರೆ ರೋಗಾಣುಗಳು ಬೆಳೆಯಬಹುದು.

2. ಬೇಕಾದಾಗ ಮಾತ್ರ ಚಾಲೂ ಮಾಡಬೇಕು. ಕೇರಳದ ಹವೆಯಲ್ಲಿ ದಿನವಿಡೀ ಬಿಸಿನೀರು ಇಟ್ಟುಕೊಳ್ಳುವ ಅಗತ್ಯ ಬೀಳುವುದಿಲ್ಲ.

3. ನಲ್ಲಿ ನೀರು ಮತ್ತು ಕೊಳವೆಬಾವಿ ನೀರು ಎರಡೂ ಇರುವ ಕಟ್ಟಡದಲ್ಲಿ ಗೀಸರಿಗೆ ನಲ್ಲಿ ನೀರನ್ನೂ, ಶೌಚಾಲಯ ಮತ್ತು ತೋಟಕ್ಕೆ ಕೊಳವೆಬಾವಿ ನೀರನ್ನೂ ಬೇರೆ ಬೇರೆ ಕೊಳವೆಗಳಲ್ಲಿ ಕೊಡುವುದು ಉತ್ತಮ. ನಿವಾಸಿಗಳ ಸಂಘದ ಸಭೆಯಲ್ಲಿ ಎತ್ತಬೇಕಾದ ವಿಷಯವಿದು. ಚಾವಣಿಯ ಮಳೆನೀರಿಗೆ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ ಎಂಬುದನ್ನೂ ನೆನಪಿಡಬೇಕು.

4. ಗಡಸುತನ 200 ಮಿ.ಗ್ರಾಂ ಮೀರಿದಲ್ಲಿ ಮಾತ್ರ ನೀರು ಮೆದುಗೊಳಿಸುವ ಯಂತ್ರದ ಯೋಚನೆ ಮಾಡಬೇಕು. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ. ರಕ್ತದೊತ್ತಡ ಇರುವವರು ಆ ನೀರನ್ನು ಕುಡಿಯುವ ಮೊದಲು ವೈದ್ಯರನ್ನು ಕೇಳಬೇಕು. ಮುರಕಲ್ಲಿನ ಬಾವಿನೀರಿಗೆ ಈ ಯಂತ್ರ ನಿಷ್ಪ್ರಯೋಜಕ. ಅಲ್ಲಿ ಪಿಎಚ್ ಏರಿಸುವ ಕ್ರಮ ಬೇಕು. ಅಯಸ್ಕಾಂತದ ಸಾಧನಗಳ ಬಗ್ಗೆ ನಡೆದ ಪರೀಕ್ಷೆಗಳ ಫಲಿತಾಂಶ ಒಂದೇ ತೆರನಾಗಿಲ್ಲವಾದುದರಿಂದ ಅವುಗಳ ಮೇಲೆ ಹಣ ಹೂಡುವ ಮುನ್ನ ಯೋಚಿಸಬೇಕು.

5. ತೊಟ್ಟಿಯೊಳಗಿನ ಮೆಗ್ನೀಸಿಯಂ ಆನೋಡ್ ದಂಡವು ತಾನು ಸವೆದು ತೊಟ್ಟಿಯನ್ನು ತುಕ್ಕಿನಿಂದ ಕಾಯುತ್ತದೆ. ಉಪ್ಪು ಬೆರೆತ ನೀರಿನಲ್ಲಿ ಅದು ಬೇಗ ಕರಗುತ್ತದೆ. ಕರಾವಳಿಯಲ್ಲಿ ವರ್ಷಕ್ಕೊಮ್ಮೆ ಪರೀಕ್ಷಿಸಿ, ಸವೆದಿದ್ದರೆ ಬದಲಿಸಬೇಕು.

ಪದರ ತೆಗೆಯುವ ವಿಧಾನ

ಗಡಸು ನೀರಿರುವಲ್ಲಿ ವರ್ಷಕ್ಕೊಮ್ಮೆ, ಮೆದು ನೀರಿರುವಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಒಳಗನ್ನು ನೋಡಿಸಿದರೆ ಸಾಕು. ಇದನ್ನು ಬಲ್ಲ ತಂತ್ರಜ್ಞರಿಂದಲೇ ಮಾಡಿಸಬೇಕು. ಖಾತರಿ ಅವಧಿಯಿದ್ದರೆ ತಯಾರಕರ ಸೇವಾಕೇಂದ್ರದವರೇ ಬರಬೇಕು. ಕ್ರಮವನ್ನು ನಾವು ತಿಳಿದಿದ್ದರೆ ಕೆಲಸ ಸರಿಯಾಗಿ ನಡೆಯಿತೇ ಎಂದು ಗಮನಿಸಬಹುದು.

ಮೊದಲು ಎಂಸಿಬಿ ಇಳಿಸಿ, ನೀರು ಪೂರ್ಣ ತಣ್ಣಗಾದ ಮೇಲೆ ಒಳಹರಿವನ್ನು ಮುಚ್ಚಿ ತೊಟ್ಟಿ ಬರಿದು ಮಾಡಬೇಕು. ಕಾಯಿಲ್ ಹೊರತೆಗೆದು, ಲೀಟರ್ ಬೆಚ್ಚನೆಯ ನೀರಿಗೆ ಸುಮಾರು 50 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ, ವಿದ್ಯುತ್ ಜೋಡಣೆಯ ತುದಿಗಳು ನೆನೆಯದಂತೆ, ಗುಳ್ಳೆ ಏಳುವುದು ನಿಲ್ಲುವವರೆಗೆ ಇಡಬೇಕು. ಅಂಗಡಿಯಲ್ಲಿ ಇದನ್ನೇ ನಿಂಬೆ ಉಪ್ಪು ಎನ್ನುತ್ತಾರೆ. ಹಂಡೆಗೆ ಹುಣಸೆಹಣ್ಣು ಮಾಡುತ್ತಿದ್ದ ಕೆಲಸವೂ ಇದೇ. ತೊಟ್ಟಿಯ ತಳದ ಗಸಿಯನ್ನು ತೆಗೆದು ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಬೇಕು. ಬಿಸಿನೀರಿನ ನಲ್ಲಿಯಿಂದ ಗಾಳಿಯಿಲ್ಲದೆ ನೀರು ಧಾರೆಯಾಗಿ ಬಂದ ಮೇಲಷ್ಟೇ ವಿದ್ಯುತ್ ಕೊಡಬೇಕು. ಒಣ ತೊಟ್ಟಿಯಲ್ಲಿ ಕಾಯಿಲ್ ಕ್ಷಣದಲ್ಲಿ ಸುಡುತ್ತದೆ. ಒತ್ತಡದ ಕವಾಟ, ಅರ್ಥಿಂಗ್ ಮತ್ತು ಸೋರಿಕೆ ವಿದ್ಯುತ್ತನ್ನು ತಡೆಯುವ ಸ್ವಿಚ್ಚುಗಳನ್ನು ಆಗಲೇ ಪರೀಕ್ಷಿಸುವುದು ಕ್ಷೇಮ.

ಶೌಚಾಲಯ ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲವನ್ನು ಗೀಸರಿಗೆ ಸುರಿಯಕೂಡದು. ಅದು ಪದರದೊಡನೆ ಲೋಹವನ್ನೂ ಆನೋಡನ್ನೂ ತಿನ್ನುತ್ತದೆ. ಯಾವ ಆಮ್ಲವನ್ನೂ ಬ್ಲೀಚಿಂಗ್ ಪುಡಿಯೊಡನೆ ಬೆರೆಸಲೇಬಾರದು, ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಉಳಿಯಿಂದ ಕೆರೆದರೆ ಒಳಲೇಪ ಒಡೆದು ತುಕ್ಕಿಗೆ ದಾರಿಯಾಗುತ್ತದೆ.

ಸಾರಾಂಶವಿಷ್ಟೇ: ನದಿಯ ನೀರಿನ ಮನೆಗೆ ಸಾಧಾರಣ ತಪಾಸಣೆ ಸಾಕು, ಮುರಕಲ್ಲಿನ ಬಾವಿಯ ಮನೆ ತುಕ್ಕಿನ ಕಡೆ ಗಮನವಿಡಬೇಕು, ಕರಾವಳಿಯ ಕೊಳವೆಬಾವಿಯ ಮನೆ ಸುಣ್ಣ, ಉಪ್ಪು ಎರಡನ್ನೂ ಎದುರಿಸಬೇಕು. ಮನೆ ಬದಲಿಸಿದಾಗ, ಕಟ್ಟಡದ ನೀರಿನ ಮೂಲ ಬದಲಾದಾಗ, ಒಮ್ಮೆ ನೀರಿನ ಪರೀಕ್ಷೆ ಮಾಡಿಸಿ ಆ ಚೀಟಿಯನ್ನು ಗೀಸರಿನ ಖಾತರಿ ಪತ್ರದ ಜೊತೆಯಲ್ಲಿಯೇ ಇಟ್ಟುಕೊಳ್ಳುವುದು ಒಳ್ಳೆಯದು.