ಬೆಂಕಿಪುರಕ್ಕೆ ಹೋದ ನಮ್ಮ ಕಾಡು

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆಯವರಿಗೆ ಭದ್ರಾವತಿ ಅಂದರೆ ಬಸ್ಸಿನ ಕಿಟಕಿಯಲ್ಲಿ ಕಂಡ ಚಿಮಣಿ. ಇಲ್ಲವೇ ‘ನಮ್ಮ ಚಿಕ್ಕಪ್ಪ ಐರನ್ ಫ್ಯಾಕ್ಟರಿಯಲ್ಲಿದ್ದರು’ ಎಂಬ ಒಂದು ಮಾತು. ಆ ಊರಿಗೂ ನಮ್ಮ ಮೂರು ತಾಲ್ಲೂಕಿಗೂ ಬಸ್ಸಿನ ನಂಟಿಗಿಂತ ಹಳೆಯದಾದ ಲೆಕ್ಕ ಒಂದಿದೆ. ಅದು ಸೌದೆಯ ಲೆಕ್ಕ, ಆಮೇಲೆ ನೀರಿನದು, ಈಗ ಅಕೇಶಿಯಾದ್ದು.

ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಕಾರ್ಖಾನೆಯ ಕುಲುಮೆಯಿಂದ ಬಂದ ಹೆಸರು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಕುಲುಮೆ ಬರುವ ಮುಂಚೆಯೇ ಆ ಹೆಸರಿತ್ತು. ಹೊಳೆ ದಂಡೆಯ ಒಂದು ಪೇಟೆ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ, ಸುತ್ತ ಗದ್ದೆ, ಅದರಾಚೆ ಕಾಡು. 1899ರಲ್ಲಿ ಬೀರೂರು–ಶಿವಮೊಗ್ಗ ರೈಲು ಈ ಊರಿನ ಮೇಲೆ ಹಾಯಿತು. ಹಾಗಾಗಿ 1918ರಲ್ಲಿ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆಗೆ ಕೆಲಸ ಶುರು ಮಾಡಿದಾಗ ರೈಲು, ಹೊಳೆ, ಕಾಡು ಮೂರೂ ಒಂದೇ ಕಡೆ ಕೈಗೆ ಸಿಕ್ಕವು. ಆಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯ. 1923ರಲ್ಲಿ ಕುಲುಮೆ ಹೊತ್ತಿತು.

ಕಬ್ಬಿಣ ಕರಗಿಸಲು ಬೇರೆ ಕಡೆ ಕಲ್ಲಿದ್ದಲು ಸುಡುತ್ತಾರೆ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇಲ್ಲ, ತರಿಸಿದರೆ ಬಂಗಾಳ, ಬಿಹಾರದಿಂದ ತರಿಸಬೇಕು. ಅದಕ್ಕೆ ಇಲ್ಲಿಯವರು ಹಿಡಿದ ದಾರಿ ಮರದ ಇದ್ದಿಲು. ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಸೌದೆ ಬೇಕು. ಹಗಲು ರಾತ್ರಿ ಉರಿಯುವ ಕುಲುಮೆಗೆ ಎಷ್ಟು ಮರ ಬೇಕಾದೀತು, ನೀವೇ ಊಹಿಸಿ. ಮರವನ್ನು ಸುಮ್ಮನೆ ಗುಂಡಿಯಲ್ಲಿ ಸುಡಲಿಲ್ಲ. ದೊಡ್ಡ ಯಂತ್ರದಲ್ಲಿ ಕಾಯಿಸಿ ಇದ್ದಿಲಿನ ಜೊತೆಗೆ ಟಾರು, ಸ್ಪಿರಿಟ್ಟು ಎಲ್ಲ ತೆಗೆದರು. ಆ ಕಾಲಕ್ಕೆ ಅದು ದೊಡ್ಡ ಸಾಹಸವೇ. ಆದರೆ ಆ ಯಂತ್ರದ ಬಾಯಿಗೆ ಹೋದದ್ದು ಮಲೆನಾಡಿನ ಕಾಡು.

ಅದಿರು ಬರುತ್ತಿದ್ದದ್ದು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಗುಡ್ಡದ ಮೇಲಿಂದ ತಣಿಗೆಬೈಲಿನವರೆಗೆ ತಂತಿಯ ಮೇಲೆ ತೊಟ್ಟಿಲಿನಂಥ ಡಬ್ಬಿಗಳು ಇಳಿಯುತ್ತಿದ್ದವು. ಅಲ್ಲಿಂದ ಭದ್ರಾವತಿಗೆ ಟ್ರಾಮ್ ಗಾಡಿ. ಸೌದೆಗೂ ಹೀಗೇ ಕಾಡಿನೊಳಗೆ ಟ್ರಾಮ್ ಹಳಿ ಹಾಕಿದ್ದರು.

ಹಳಿ ಅಂದಮೇಲೆ ಎನ್.ಆರ್.ಪುರದ ಮಾತು ಬಂತು. ಇವತ್ತಿನ ಹುಡುಗರಿಗೆ ಹೇಳಿದರೆ ನಗುತ್ತಾರೆ, ಆದರೆ ಎನ್.ಆರ್.ಪುರಕ್ಕೆ ರೈಲಿತ್ತು! ತರೀಕೆರೆಯಿಂದ ಕಾಡು ಹಾಯ್ದು ಬರುತ್ತಿದ್ದ, ಎರಡಡಿ ಅಗಲದ ಹಳಿಯ ಪುಟ್ಟ ರೈಲು. 1910ರ ದಶಕದಲ್ಲಿ, ಕಾರ್ಖಾನೆಯ ಕುಲುಮೆ ಹೊತ್ತುವ ಮೊದಲೇ ಅದು ಓಡಾಡುತ್ತಿತ್ತು. ಆವರೆಗೆ ಊರಿನ ಹೆಸರು ಎಡೇಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಹೆಸರು ಸೇರಿ ನರಸಿಂಹರಾಜಪುರ ಆಯಿತು. ಕಡೂರು ಜಿಲ್ಲೆಯ ಮೂಲೆಯ ಊರಿಗೆ ರಾಜಮನೆತನದ ಹೆಸರೂ ಬಂತು, ರೈಲೂ ಬಂತು. ಆಗಿನವರಿಗೆ ಇನ್ನೇನು ಊರು ಬೆಳೆದೇ ಹೋಯಿತು ಅನ್ನಿಸಿರಬೇಕು. ಈಗ ಹೆಸರು ಉಳಿದಿದೆ, ಹಳಿ ಇಲ್ಲ. ಶೃಂಗೇರಿಗೆ ರೈಲು ಬರುತ್ತದೆ ಎಂದು ಯಾರಾದರೂ ಭಾಷಣ ಮಾಡಿದಾಗ ಇದನ್ನು ನೆನಪಿಸಿಕೊಳ್ಳಿ. ನಮ್ಮ ಕಡೆ ರೈಲು ಬಂದದ್ದೂ ಉಂಟು, ಹೋದದ್ದೂ ಉಂಟು.

ಭದ್ರಾವತಿ ಹೇಗೆ ಬೆಳೆಯಿತು ನೋಡಿ. ಪೇಟೆ, ದೇವಸ್ಥಾನ ಇದ್ದ ಭಾಗ ಹಳೇನಗರವಾಯಿತು. ಕಾರ್ಖಾನೆಯವರು ನೌಕರರಿಗೆ ಕಟ್ಟಿದ್ದು ನ್ಯೂಟೌನ್. ಸಾಲು ಸಾಲು ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ, ಆಟದ ಬಯಲು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಹುಟ್ಟಿತು, ಅದರ ಸುತ್ತ ಪೇಪರ್ ಟೌನ್, ಅಂದರೆ ಕಾಗದನಗರ. ಜನ್ನಾಪುರ, ಹುತ್ತಾ ಕಾಲೋನಿ, ಹೊಸಮನೆ, ಭೂತನಗುಡಿ ಹೀಗೆ ಬಡಾವಣೆಗಳು ಒಂದಕ್ಕೊಂದು ಅಂಟಿಕೊಂಡವು. ಊರಿನ ಗಡಿಯಾರ ಅಂದರೆ ಸೈರನ್. ಶಿಫ್ಟಿಗೆ ತಕ್ಕ ಹಾಗೆ ಅಡುಗೆ, ಶಿಫ್ಟಿಗೆ ತಕ್ಕ ಹಾಗೆ ನಿದ್ದೆ.

ಈ ಮನೆಗಳಿಗೆ ಬಂದವರು ಯಾರು? ತಮಿಳುನಾಡಿನಿಂದ ಬಂದವರು ತುಂಬಾ. ಆಂಧ್ರ, ಕೇರಳದ ಕಡೆಯವರು, ಬಯಲುಸೀಮೆಯವರು ಬಂದರು. ಭದ್ರಾವತಿಯ ಗಲ್ಲಿಗಳಲ್ಲಿ ಇವತ್ತಿಗೂ ಕನ್ನಡ, ತಮಿಳು, ಉರ್ದು, ತೆಲುಗು ಒಟ್ಟಿಗೆ ಕೇಳುವುದು ಅದಕ್ಕೇ. ನಮ್ಮ ಕಡೆಯಿಂದ? ಅಡಿಕೆ ತೋಟ ಇದ್ದವರು ಕುಲುಮೆಯ ಮುಂದೆ ನಿಲ್ಲಲು ಏಕೆ ಹೋಗುತ್ತಾರೆ! ಹೋದವರು ಹೆಚ್ಚಾಗಿ ಗೇಣಿ ಗದ್ದೆ ಬಿಟ್ಟರೆ ಬೇರೆ ಗತಿ ಇಲ್ಲದವರು, ಒಡೆಯರ ಮನೆಯ ಅಂಗಳದಿಂದ ತಪ್ಪಿಸಿಕೊಳ್ಳಬೇಕೆಂದವರು. ತಿಂಗಳ ಮೊದಲ ವಾರ ಕೈಗೆ ಸಂಬಳ ಬರುತ್ತದೆ, ಯಾರಿಗೂ ತಲೆ ಬಗ್ಗಿಸಬೇಕಿಲ್ಲ ಎಂಬುದು ಮಲೆನಾಡಿನ ಕೂಲಿಯವರಿಗೆ ಎಷ್ಟು ದೊಡ್ಡ ವಿಷಯವಾಗಿತ್ತು ಎಂಬುದನ್ನು ಕಾಡಿನ ಲೆಕ್ಕ ಮಾಡುವಾಗ ಮರೆಯಬಾರದು. ಕಾರ್ಖಾನೆಯನ್ನು ಬರೀ ಬೈದರೆ ಅವರಿಗೆ ಅನ್ಯಾಯ.

ಇನ್ನು ನೀರು. ತುಂಗೆ, ಭದ್ರೆ ಎರಡೂ ಹುಟ್ಟುವುದು ಗಂಗಾಮೂಲದಲ್ಲಿ. ತುಂಗೆ ಶೃಂಗೇರಿ, ಕೊಪ್ಪ ತಾಲ್ಲೂಕಿನ ಹರಿಹರಪುರ ಮುಟ್ಟಿ ತೀರ್ಥಹಳ್ಳಿ, ಶಿವಮೊಗ್ಗದ ದಾರಿ ಹಿಡಿಯುತ್ತಾಳೆ. ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ಎನ್.ಆರ್.ಪುರದ ಬಳಿ ಹಾದು ಲಕ್ಕವಳ್ಳಿ, ಭದ್ರಾವತಿಗೆ ಇಳಿಯುತ್ತಾಳೆ. ಎರಡೂ ಕೂಡಲಿಯಲ್ಲಿ ಸೇರುತ್ತವೆ. ಹಾಗಾಗಿ ಶೃಂಗೇರಿ, ಕೊಪ್ಪದವರ ಪೇಟೆ ಸಂಬಂಧ ಹೆಚ್ಚಾಗಿ ತೀರ್ಥಹಳ್ಳಿ, ಶಿವಮೊಗ್ಗ ಮತ್ತು ಆಗುಂಬೆ ಘಾಟಿಯ ಕೆಳಗಿನದು. ಭದ್ರಾವತಿಯ ಬಿಸಿ ನೇರವಾಗಿ ತಟ್ಟಿದ್ದು ಎನ್.ಆರ್.ಪುರಕ್ಕೆ.

1947ರಲ್ಲಿ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಕೆಲಸ ಶುರುವಾಯಿತು, 1965ರ ಹೊತ್ತಿಗೆ ಮುಗಿಯಿತು. ಪೂರ್ಣಮಟ್ಟ 186 ಅಡಿ, ಹಿಡಿಯುವ ನೀರು 71.5 ಟಿಎಂಸಿ. ಮಳೆಗಾಲದಲ್ಲಿ ದಿನಾ ಮೊಬೈಲಿನಲ್ಲಿ ನೋಡುತ್ತೀರಲ್ಲ, ಅದೇ ಲೆಕ್ಕ. ಆ ನೀರು ಕಾಲುವೆಯಲ್ಲಿ ಹರಿದು ತರೀಕೆರೆಯ ಬಯಲು, ಭದ್ರಾವತಿ, ಚನ್ನಗಿರಿ, ದಾವಣಗೆರೆ, ಹರಿಹರದ ಕಡೆ ಭತ್ತ, ಕಬ್ಬು ಬೆಳೆಸಿತು. ಎನ್.ಆರ್.ಪುರ ಸೀಮೆಗೆ ಬಂದದ್ದು ಹಿನ್ನೀರು. ಗದ್ದೆ, ತೋಟ, ದನ ಮೇಯುವ ಬ್ಯಾಣ, ಊರಿಂದೂರಿಗೆ ಹೋಗುವ ದಾರಿ ನೀರಿನಡಿ ಹೋದವು. ನೆಂಟರ ಮನೆಗೆ ನಡೆದು ಹೋಗುತ್ತಿದ್ದವರು ಹಿನ್ನೀರು ಸುತ್ತಿ ಹೋಗಬೇಕಾಯಿತು. ಬಯಲಿನವರಿಗೆ ಅದು ಡ್ಯಾಮು, ಇಲ್ಲಿಯವರ ಬಾಯಲ್ಲಿ ಮಾತ್ರ ‘ಮುಳುಗಡೆ’.

ಜೋಗದ ವಿದ್ಯುತ್ ಬಂದ ಮೇಲೆ 1950ರ ದಶಕದಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಸೌದೆಯ ಹಸಿವು ಸ್ವಲ್ಪ ತಗ್ಗಿತು. ಆದರೆ ಪಕ್ಕದಲ್ಲೇ ಕಾಗದದ ಹಸಿವು ಏರುತ್ತಿತ್ತು. ಮೊದಲು ಬಿದಿರು. ಲಾರಿಗಟ್ಟಲೆ ಬಿದಿರು ಹೋಗುವುದನ್ನು ನಿಮ್ಮ ಮನೆಯ ಹಿರಿಯರು ನೋಡಿರುತ್ತಾರೆ, ಕೇಳಿ. 1977ರಲ್ಲಿ ಕಾಗದ ಕಾರ್ಖಾನೆ ಸರ್ಕಾರದ ಕಂಪನಿ ಆಯಿತು, 1980ರ ದಶಕದಲ್ಲಿ ಪತ್ರಿಕೆ ಅಚ್ಚು ಹಾಕುವ ಕಾಗದಕ್ಕೆ ಹೆಸರಾಯಿತು. ಪತ್ರಿಕೋದ್ಯಮ ಓದಿದ ನಮಗೆ ಇದು ತಮಾಷೆಯಾಗಿ ಕಾಣುತ್ತದೆ: ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಇಳಿಯುತ್ತಿದ್ದ ಪೇಪರ್ ಕಟ್ಟಿನಲ್ಲಿ ನಮ್ಮದೇ ಗುಡ್ಡದ ಮರ ಇದ್ದಿರಬಹುದು.

ಆ ಮರಕ್ಕಾಗಿ 1980ರಲ್ಲಿ ಶಿವಮೊಗ್ಗ, ಚಿಕ್ಕಮಗಳೂರು ಭಾಗದ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು ಕಾಗದ ಕಾರ್ಖಾನೆಗೆ 40 ವರ್ಷದ ಗುತ್ತಿಗೆಗೆ ಕೊಟ್ಟರು. ನೀಲಗಿರಿ, ಅಕೇಶಿಯಾ ನೆಟ್ಟರು. ಅಕೇಶಿಯಾದ ಅಡಿ ಹುಲ್ಲು ಹುಟ್ಟುವುದು ಕಷ್ಟ, ಅದರ ಎಲೆ ದನಕ್ಕಾಗುವುದಿಲ್ಲ, ಹಕ್ಕಿ ಮಂಗಗಳಿಗೆ ಹಣ್ಣಿಲ್ಲ. ಮಂಗ ತೋಟಕ್ಕೆ ಇಳಿಯುತ್ತದೆ ಎಂದು ನಾವು ದೂರುತ್ತೇವೆ. ಕಾಡಿನಲ್ಲಿ ಅದಕ್ಕೆ ತಿನ್ನಲು ಏನು ಬಿಟ್ಟಿದ್ದೇವೆ ಎಂದು ಕೇಳುವುದು ಕಡಿಮೆ.

2015ರ ಹೊತ್ತಿಗೆ ಕಾಗದದ ಯಂತ್ರಗಳು ನಿಂತವು. 2020ರಲ್ಲಿ ಗುತ್ತಿಗೆಯ ಅವಧಿ ಮುಗಿಯಿತು. ಕಾರ್ಖಾನೆಯೇ ಓಡದಿರುವಾಗ ಗುತ್ತಿಗೆ ಮುಂದುವರಿಸುವ ಮಾತು ಬಂದಿದ್ದಕ್ಕೆ ಮಲೆನಾಡಿನಲ್ಲಿ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಹೋರಾಟ ಎದ್ದಿತು. ಪೇಪರ್ ಟೌನಿನಲ್ಲಿ ಕೆಲಸ ಕಳಕೊಂಡವರು ಕಾರ್ಖಾನೆ ತೆರೆಯಿರಿ ಅಂದರು, ಹಳ್ಳಿಯವರು ನೆಡುತೋಪು ತೆಗೆಯಿರಿ ಅಂದರು. ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ನಮ್ಮ ಪ್ರಕಾರ ಭೂಮಿ ಹಳ್ಳಿಗೆ ಹತ್ತಿರದ್ದು, ಸಹಜ ಕಾಡಿಗೇ ಬಿಡಬೇಕು. ಕಾರ್ಖಾನೆಗೆ ಮರ ಬೇಕಾದರೆ ಬೇರೆ ದಾರಿ ಹುಡುಕಲಿ.

ಕಬ್ಬಿಣದ ಕಾರ್ಖಾನೆಗೆ ಆಮೇಲೆ ವಿಶ್ವೇಶ್ವರಯ್ಯನವರ ಹೆಸರಿಟ್ಟರು. ಅದು ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಕಾರ್ಖಾನೆಗೆ ಸ್ವಂತ ಗಣಿ ಇಲ್ಲದಿರುವುದೇ ದೊಡ್ಡ ತೊಡಕು ಎಂಬ ಮಾತು ಆಗ ಮತ್ತೆ ಮತ್ತೆ ಬಂತು. ನೂರು ವರ್ಷದ ಹಿಂದೆ ಕೆಮ್ಮಣ್ಣುಗುಂಡಿಯಿಂದ ತಂತಿಯ ಮೇಲೆ ಅದಿರು ಇಳಿಯುತ್ತಿದ್ದ ಕಾರ್ಖಾನೆ ಅದು. ಕೆಮ್ಮಣ್ಣುಗುಂಡಿಗೆ ಈಗ ಭಾನುವಾರ ಹೋಗುವವರು ಪ್ರವಾಸಿಗರು.