ಕೌದಿಯಾಗದೆ ಉಳಿದ ಸೀರೆ

ಬರೆದು ಬಹಳ ದಿನ ಆಯ್ತು, ಆಫೀಸಿನ ಕೆಲಸ ಬಿಡ್ತಿಲ್ಲ :) ದೀಪಾವಳಿಗೆ ಊರಿಗೆ ಹೋಗಿದ್ದೆ. ಅವ್ವ ಟ್ರಂಕಿನಿಂದ ಇಳಕಲ್ ಸೀರೆಯೊಂದನ್ನು ತೆಗೆದು ಕೌದಿಗೆ ಇಟ್ಟಿದ್ದ ಹಳೆ ಬಟ್ಟೆಗಳ ಮೇಲೆ ಹಾಕಿದಳು. ಅಜ್ಜಿಯ ಮದುವೆ ಸೀರೆ, 1958ರದ್ದು. "ಮಡಿಕಿ ಮಡಿಕಿಗೂ ಹರದೈತಿ, ಇಟಗೊಂಡು ಏನ್ ಮಾಡ್ತಿ?" ಅಂದಳು.

ಅಹಮದಾಬಾದಿನಲ್ಲಿ 1949ರಲ್ಲಿ ಶುರುವಾದ ಕ್ಯಾಲಿಕೋ ಮ್ಯೂಸಿಯಂನಲ್ಲಿ ಮೊಘಲರ ಡೇರೆ, ದೇವರ ಹಿಂದೆ ಕಟ್ಟುವ ಪಿಚ್ವಾಯಿ ಎಲ್ಲ ಉಳಿದಿವೆ. ಹೊಲಕ್ಕೆ ಉಟ್ಟುಕೊಂಡು ಹೋದ ಸೀರೆ ಎಲ್ಲಿ ಉಳಿಯುತ್ತೆ? ಅದು ಮೊದಲು ಕೌದಿ, ಆಮೇಲೆ ತೊಟ್ಟಿಲಿಗೆ, ಕೊನೆಗೆ ನೆಲ ಒರೆಸೋ ಅರಿವೆ. ಹಾಗಾಗಿ ಸೀರೆ ಎತ್ತಿಕೊಂಡೆ.

ಸೆರಗನ್ನು ಯಾರೋ ಆಮೇಲೆ ಜೋಡಿಸಿ ಹೊಲಿದಿದ್ದಾರೆ ಅಂದ್ಕೊಂಡಿದ್ದೆ. ಭೂತಗನ್ನಡಿ ಹಿಡಿದು ನೋಡಿದರೆ ಒಂದೂ ಹೊಲಿಗೆ ಇಲ್ಲ! ಅದೇ ಕೊಂಡಿ. ಒಡಲಿನ ಹತ್ತಿ ಹಾಸಿನ ಎಳೆಗಳನ್ನು ಸೆರಗಿನ ರೇಷ್ಮೆ ಹಾಸಿನ ಎಳೆಗಳಿಗೆ ಕುಣಿಕೆ ಕುಣಿಕೆಯಾಗಿ ಸಿಕ್ಕಿಸಿ, ಆಮೇಲೆ ಹೊಕ್ಕು ಹಾಕಿ ನೇಯುತ್ತಾರೆ. ಇಳಕಲ್ಲಿನ ಗುರುತು ಅಂದರೆ ಇದೇ. ದಡಿಯಿಂದ ಬಿಟ್ಟುಕೊಂಡಿದ್ದ ಎಳೆಯೊಂದನ್ನು ದೀಪಕ್ಕೆ ಹಿಡಿದೆ. ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗೋ ಕರಿ ಉಂಡೆ. ಅಂದರೆ ರೇಷ್ಮೆ. ಕೃತಕ ರೇಷ್ಮೆಯಾಗಿದ್ದರೆ ಕಾಗದ ಸುಟ್ಟ ವಾಸನೆ ಬರ್ತಿತ್ತು. ಆದರೆ ಇದರಿಂದ ಸೀರೆಯ ವಯಸ್ಸು ತಿಳಿಯಲ್ಲ, ರೇಷ್ಮೆ ದಡಿ ಈಗಲೂ ನೇಯುತ್ತಾರೆ. ವಯಸ್ಸಿಗೆ ಅವ್ವನ ಮಾತೊಂದೇ ಸಾಕ್ಷಿ. ಅದನ್ನು ಚೀಟಿಯಲ್ಲಿ ಬರೆದು ಜೊತೆಗಿಟ್ಟೆ. ಚಿಗವ್ವ ಮಾತ್ರ ಕೆಂಪು ಬೇರಿನ ಬಣ್ಣ ಅಂತ ಹಟ ಹಿಡಿದಳು. ಪರ್ಕಿನ್ 1856ರಲ್ಲೇ ಕೃತಕ ಬಣ್ಣ ಕಂಡುಹಿಡಿದಿದ್ದ, 1958ರ ಸೀರೆಗೆ ನನಗಂತೂ ಅನುಮಾನ.

ಒಗೆಯೋದು ಬೇಡ ಅಂದೆ. ಒದ್ದೆ ಹತ್ತಿ ಉಂಡೆಯನ್ನು ಸೆರಗಿನ ಮೂಲೆಗೆ ಒತ್ತಿದಾಗ ಅದು ಕೆಂಪಾಗಿತ್ತು. ಟ್ರಂಕಿನ ನುಸಿ ಗುಳಿಗೆ ಎಸೆದೆ. ಹುಳಕ್ಕೆ ಮ್ಯೂಸಿಯಂನವರು ಮಾಡೋ ಉಪಾಯ ಬೇರೆ: ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡೋದು. ತೆಗೆದ ಮೇಲೂ ಒಂದು ದಿನ ಚೀಲ ಬಿಚ್ಚಬಾರದು, ಇಲ್ಲಾಂದ್ರೆ ಬಟ್ಟೆ ಮೇಲೆ ನೀರು ಕೂರುತ್ತೆ. ಬೆಂಗಳೂರಿಗೆ ತಂದು ಬಟಾಣಿ ಪಕ್ಕ ಫ್ರೀಜರಿನಲ್ಲಿಟ್ಟೆ. ಅವ್ವನಿಗೆ ಫೋನಿನಲ್ಲಿ ಹೇಳಿದರೆ, "ಸೀರಿಗೇನು ಜ್ವರ ಬಂದೈತೇನು?" ಅಂದಳು.

ಎಲ್ಲಿ ಮಡಚಿದ್ದರೋ ಅಲ್ಲೇ ಎಳೆ ತುಂಡಾಗಿತ್ತಲ್ಲ, ಅದಕ್ಕೆ ಈಗ ಮಡಚಿಲ್ಲ. ಗಂಜಿ ತೆಗೆದು ಒಗೆದ ಬಿಳಿ ಪಂಚೆ ಸುತ್ತಿದ ಕೊಳವೆಗೆ ಸುರುಳಿ ಸುತ್ತಿ, ಬೆಳಕು ಬೀಳದ ಕಪಾಟಿನಲ್ಲಿಟ್ಟಿದ್ದೇನೆ. ಕೌದಿಗೆ ಬದಲಾಗಿ ನನ್ನ ಎರಡು ಅಂಗಿ ಕೊಟ್ಟು ಬಂದೆ.